ಕಾಫಿ ತೋಟದ ಆಳಿನ ಕೊರತೆ: ಸಮಾಜಶಾಸ್ತ್ರದ ಸಿದ್ಧಾಂತಗಳಿಗೆ ಕಂಡದ್ದು, ಕಾಣದೆ ಹೋದದ್ದು

ಕೊಡಗಿನಲ್ಲಿ ಕಾಫಿ ಕೊಯ್ಲು ಶುರುವಾಯಿತೆಂದರೆ ಬೆಳೆಗಾರರು ಕೂಡಿದಲ್ಲೆಲ್ಲ ಕೇಳಿಬರುವ ಮಾತು ಒಂದೇ, ಆಳು ಸಿಗುತ್ತಿಲ್ಲ. 2024ರಲ್ಲಿ ಇಲ್ಲಿನ ಮುಖ್ಯ ತಳಿಯಾದ ರೊಬಸ್ಟಾ ಕಾಫಿಯ ಬೆಲೆ ದಾಖಲೆಯ ಮಟ್ಟಕ್ಕೆ ಏರಿದ ಮೇಲೂ ಈ ಕೊರಗು ತಗ್ಗಲಿಲ್ಲ. ಹಣ್ಣಿಗೆ ಬೆಲೆ ಬಂದಷ್ಟೂ ಅದನ್ನು ಸಮಯಕ್ಕೆ ಕೊಯ್ದು ಕಣಕ್ಕೆ ತರುವ ಕೈಗಳಿಗೆ ಪೈಪೋಟಿ ಹೆಚ್ಚುವುದರಿಂದ ಕೊರಗು ಇನ್ನಷ್ಟು ಜೋರಾಯಿತೆಂದೇ ಹೇಳಬೇಕು. ಇದೇ ಜಿಲ್ಲೆಯಲ್ಲಿ, ಇದೇ ತೋಟಗಳ ಅಂಚಿನಿಂದ ಇನ್ನೊಂದು ದನಿಯೂ ಬಹುಕಾಲದಿಂದ ಏಳುತ್ತಿದೆ. ತೋಟದ ಮಾಲೀಕರು ಕೊಟ್ಟ ಸಾಲುಕೋಣೆಗಳಾದ ಲೈನ್‌ಮನೆಗಳಲ್ಲಿ ತಲೆಮಾರುಗಳಿಂದ ಬಾಳಿದ ಯರವ, ಜೇನುಕುರುಬ, ದಲಿತ ಕುಟುಂಬಗಳು ತಮ್ಮ ಹೆಸರಿಗೆ ಒಂದು ನಿವೇಶನ ಕೇಳುತ್ತಿವೆ. ಮೊದಲನೆಯದನ್ನು ಕೃಷಿಯ ಸಮಸ್ಯೆಯೆಂದೂ ಎರಡನೆಯದನ್ನು ಕಂದಾಯ ಮತ್ತು ಸಮಾಜ ಕಲ್ಯಾಣ ಇಲಾಖೆಗಳ ಸಮಸ್ಯೆಯೆಂದೂ ಬೇರೆ ಬೇರೆ ಕಡತಗಳಲ್ಲಿ ಇಡುವುದು ನಮ್ಮಲ್ಲಿ ರೂಢಿ. ಎರಡೂ ಒಂದೇ ವ್ಯವಸ್ಥೆಯ ಎರಡು ಮುಖಗಳೆಂಬುದು ಈ ಲೇಖನದ ನಿಲುವು. ಅದನ್ನು ವಿವರಿಸಲು ಸಮಾಜಶಾಸ್ತ್ರದ ಪ್ರಮುಖ ಸಿದ್ಧಾಂತಗಳ ನೆರವು ಬೇಕು. ಆದರೆ ಯಾವ ಸಿದ್ಧಾಂತದಿಂದ ಆರಂಭಿಸುತ್ತೇವೆ ಎನ್ನುವುದರ ಮೇಲೆ ಯಾರು ಕಣ್ಣಿಗೆ ಬೀಳುತ್ತಾರೆ, ಯಾರು ಬೀಳುವುದಿಲ್ಲ ಎನ್ನುವುದೂ ನಿಂತಿದೆ.

ಈ ಎಚ್ಚರಿಕೆಯನ್ನು ಕೊಡಗಿನ ಸಂದರ್ಭದಲ್ಲಿ ಒತ್ತಿ ಹೇಳಲು ಕಾರಣವಿದೆ. ಭಾರತೀಯ ಸಮಾಜಶಾಸ್ತ್ರದ ಅತ್ಯಂತ ಪ್ರಸಿದ್ಧ ಪರಿಕಲ್ಪನೆಯೊಂದು ರೂಪುಗೊಂಡದ್ದು ಈ ನೆಲದ ಅಧ್ಯಯನದಿಂದಲೇ. ಮೈಸೂರಿನ ಎಂ.ಎನ್. ಶ್ರೀನಿವಾಸ್ ಮುಂಬೈಯಲ್ಲಿ ಜಿ.ಎಸ್. ಘುರ್ಯೆ ಅವರ ಶಿಷ್ಯರಾಗಿ ಕೊಡವರನ್ನು ಕುರಿತು ಸಾಮಗ್ರಿ ಸಂಗ್ರಹಿಸಿ, ಮುಂದೆ ಆಕ್ಸ್‌ಫರ್ಡ್‌ನಲ್ಲಿ ಎ.ಆರ್. ರಾಡ್‌ಕ್ಲಿಫ್ ಬ್ರೌನ್ ಅವರ ಮಾರ್ಗದರ್ಶನದಲ್ಲಿ ಅದೇ ಸಾಮಗ್ರಿಯನ್ನು ಹೊಸ ಚೌಕಟ್ಟಿನಲ್ಲಿ ಬರೆದರು. ಕೊಡವರ ಧರ್ಮ ಮತ್ತು ಸಮಾಜವನ್ನು ಕುರಿತ ಆ ಗ್ರಂಥ 1952ರಲ್ಲಿ ಪ್ರಕಟವಾಯಿತು. ಕೆಳಗಿನ ಜಾತಿಯೊಂದು ಮೇಲಿನವರ ಆಚಾರ, ಆಹಾರ, ನಂಬಿಕೆಗಳನ್ನು ತನ್ನದಾಗಿಸಿಕೊಂಡು ಶ್ರೇಣಿಯಲ್ಲಿ ಮೇಲೇರಲು ಯತ್ನಿಸುವ ಪ್ರಕ್ರಿಯೆಗೆ ಅವರು ಕೊಟ್ಟ ಸಂಸ್ಕೃತೀಕರಣ ಎಂಬ ಹೆಸರು ಅದರಿಂದಲೇ ಪ್ರಚಾರಕ್ಕೆ ಬಂತು. ಮಾಂಸ, ಮದ್ಯ ಬಿಟ್ಟು ಜನಿವಾರ ಧರಿಸಿದ ಅಮ್ಮಕೊಡವರು ಅಲ್ಲಿ ಅವರಿಗೆ ಸಿಕ್ಕ ಸ್ಪಷ್ಟ ಉದಾಹರಣೆ. ಪುಸ್ತಕದ ಕಣ್ಣು ಪ್ರಕಾರ್ಯವಾದದ್ದು: ಒಂದು ಆಚರಣೆಯನ್ನು ಕಂಡಾಗ ಅದು ಎಲ್ಲಿಂದ ಬಂತೆಂದು ಹುಡುಕುವುದಕ್ಕಿಂತ, ಸಮುದಾಯವನ್ನು ಒಂದಾಗಿ ಹಿಡಿದಿಡಲು ಅದು ಈಗ ಏನು ಮಾಡುತ್ತಿದೆ ಎಂದು ಕೇಳುವ ಕಣ್ಣು.

ಪ್ರಕಾರ್ಯವಾದದ ಬೇರು ಫ್ರಾನ್ಸಿನ ಎಮಿಲ್ ದುರ್ಖೈಮ್‌ನಲ್ಲಿದೆ. ವ್ಯಕ್ತಿಗಳ ಮೊತ್ತಕ್ಕಿಂತ ಸಮಾಜ ಬೇರೆಯೇ ಆದ ಒಂದು ವಾಸ್ತವ, ಮತ್ತು ಜನರು ಒಟ್ಟಾಗಿ ನಡೆಸುವ ಆಚರಣೆಗಳಲ್ಲಿ ಆ ವಾಸ್ತವ ತನ್ನನ್ನು ತಾನೇ ಮತ್ತೆ ಮತ್ತೆ ಕಟ್ಟಿಕೊಳ್ಳುತ್ತದೆ ಎಂಬುದು 1912ರ ಅವನ ಧರ್ಮದ ಅಧ್ಯಯನದ ತಿರುಳು. ಕೊಡವರ ಸುಗ್ಗಿಯ ಹಬ್ಬವಾದ ಪುತ್ತರಿಯ ರಾತ್ರಿಯನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಊರೂರುಗಳಿಂದ ಬಂದ ಒಕ್ಕದವರು, ಅಂದರೆ ಒಂದೇ ಮನೆತನದವರು, ತಮ್ಮ ಮೂಲಮನೆಯಾದ ಐನ್‌ಮನೆಯಲ್ಲಿ ಸೇರಿ, ಎಲೆಗಳ ಕಟ್ಟಾದ ನೆರೆ ಕಟ್ಟಿ, ಹಿರಿಯರನ್ನು ನೆನೆದು, ಗದ್ದೆಗಿಳಿದು ಗುಂಡು ಹಾರಿಸಿ, ‘ಪೊಲಿ ಪೊಲಿಯೇ ದೇವ’ ಎಂದು ಕೂಗುತ್ತ ಕದಿರು ತರುವಾಗ ಅಲ್ಲಿ ನಡೆಯುವುದು ಭತ್ತದ ಕೊಯ್ಲಿನ ಆಚರಣೆಯಷ್ಟೇ ಆಗಿದ್ದರೆ, ಗದ್ದೆಗಳು ಪಾಳುಬಿದ್ದಿರುವ ಈ ಕಾಲದಲ್ಲಿ ಅದು ನಿಂತುಹೋಗಬೇಕಿತ್ತು. ನಿಂತಿಲ್ಲ. 1997ರಲ್ಲಿ ಪಾಂಡಂಡ ಕುಟ್ಟಪ್ಪ ಅವರು ಕರಡದಲ್ಲಿ ಆರಂಭಿಸಿದ ಕೊಡವ ಕುಟುಂಬಗಳ ಹಾಕಿ ಪಂದ್ಯಾವಳಿಯನ್ನು ಇನ್ನೂ ಒಳ್ಳೆಯ ಸಾಕ್ಷಿಯೆನ್ನಬಹುದು. ಒಕ್ಕವೇ ತಂಡ, ಮನೆಹೆಸರೇ ತಂಡದ ಹೆಸರು, ಒಂದೇ ತಂಡದಲ್ಲಿ ಹೆಣ್ಣುಮಕ್ಕಳೂ ಎಳೆಯರೂ ವಯಸ್ಸಾದವರೂ ಆಡಬಹುದು. 2024ರಲ್ಲಿ ನಾಪೋಕ್ಲಿನಲ್ಲಿ 360 ತಂಡಗಳು ಸೇರಿ ಗಿನ್ನೆಸ್ ದಾಖಲೆಯಾಯಿತು. ಬೆಂಗಳೂರಿಗೋ ಹೊರದೇಶಕ್ಕೋ ಹೋದವನನ್ನು ಐನ್‌ಮನೆಯ ಹೆಸರಿನ ಅಂಗಿ ತೊಡಿಸಿ ಮೈದಾನಕ್ಕೆ ಕರೆತರುವ ಈ ಏರ್ಪಾಡನ್ನು ದುರ್ಖೈಮ್ ಕಂಡಿದ್ದರೆ ತನ್ನ ಪುಸ್ತಕಕ್ಕೆ ಒಂದು ಅಧ್ಯಾಯ ಸೇರಿಸುತ್ತಿದ್ದನೇನೋ.

ಇಷ್ಟರಮಟ್ಟಿಗೆ ಸಿದ್ಧಾಂತ ಗಟ್ಟಿಯಾಗಿಯೇ ನಿಲ್ಲುತ್ತದೆ. ಅದು ತಡವರಿಸುವುದು ಐನ್‌ಮನೆಯ ಅಂಗಳದಿಂದ ಹೊರಗೆ ಬಂದಾಗ. ಮೇದರು ಡೋಲು ಬಾರಿಸುವುದು, ಕಣಿಯರು ಹಬ್ಬದ ಗಳಿಗೆ ಹೇಳುವುದು, ಗದ್ದೆಯ ಕೆಲಸಕ್ಕೆ ಹೊಲೆಯರೂ ಯರವರೂ ಇರುವುದು, ಇವೆಲ್ಲ ಪ್ರಕಾರ್ಯವಾದಿಗೆ ಪರಸ್ಪರ ಅವಲಂಬನೆಯಾಗಿ ತೋರುತ್ತದೆ; ಎಲ್ಲರಿಗೂ ಒಂದು ಸ್ಥಾನವಿದೆ, ಎಲ್ಲ ಸ್ಥಾನಕ್ಕೂ ಒಂದು ಕೆಲಸವಿದೆ, ಆದ್ದರಿಂದ ಸಮಾಜ ನಡೆಯುತ್ತದೆ. ಡೋಲು ಬಾರಿಸುವವನು ನಾಳೆಯಿಂದ ಬಾರಿಸುವುದಿಲ್ಲವೆಂದರೆ ಏನಾಗುತ್ತದೆ ಎಂಬ ಪ್ರಶ್ನೆ ಈ ಚಿತ್ರದೊಳಗೆ ಹುಟ್ಟುವುದೇ ಇಲ್ಲ. ವಿಚಿತ್ರವೆಂದರೆ ದುರ್ಖೈಮ್‌ಗೆ ಈ ತೊಡಕು ಗೊತ್ತಿತ್ತು. ಶ್ರಮ ವಿಭಜನೆಯನ್ನು ಕುರಿತ 1893ರ ಗ್ರಂಥದ ಕೊನೆಯ ಭಾಗದಲ್ಲಿ ಅವನು ಬಲವಂತದ ಶ್ರಮ ವಿಭಜನೆಯ ಮಾತೆತ್ತುತ್ತಾನೆ: ಹುಟ್ಟಿನಿಂದ ಹೇರಿದ ಕೆಲಸ, ಅದನ್ನು ಮಾಡುವವನ ಒಲವಿಗೂ ಶಕ್ತಿಗೂ ಹೊಂದದಿದ್ದಾಗ, ಐಕಮತ್ಯವನ್ನು ಹುಟ್ಟಿಸಲಾರದು. ಅವನ ಹಿಂಬಾಲಕರು ಮೊದಲಿನ ಅಧ್ಯಾಯಗಳನ್ನು ಓದಿದಷ್ಟು ಶ್ರದ್ಧೆಯಿಂದ ಈ ಭಾಗವನ್ನು ಓದಿದಂತಿಲ್ಲ. ಭಾರತದಲ್ಲಿ ಈ ಮಾತನ್ನು ಅದರ ಕೊನೆಯವರೆಗೆ ಒಯ್ದವರು ಅಂಬೇಡ್ಕರ್. ಜಾತಿಯೆಂದರೆ ಶ್ರಮದ ವಿಭಜನೆಯಷ್ಟೇ ಅಲ್ಲ, ಶ್ರಮಿಕರದೇ ವಿಭಜನೆ ಎಂದು ಅವರು 1936ರಲ್ಲಿ ಹೇಳಿದ್ದು ಪ್ರಕಾರ್ಯವಾದಕ್ಕೆ ಈ ನೆಲದಿಂದ ಬಂದ ಅತ್ಯಂತ ಖಚಿತವಾದ ಉತ್ತರ.

ಸಿದ್ಧಾಂತಗಳ ಜಗಳ ಕಣ್ಣೆದುರೇ ಕಾಣಬೇಕೆನ್ನುವವರು ಮೇ ತಿಂಗಳಲ್ಲಿ ದಕ್ಷಿಣ ಕೊಡಗಿನ ದೇವರಪುರದಲ್ಲಿ ನಡೆಯುವ ಕುಂಡೆ ಹಬ್ಬವನ್ನು ಗಮನಿಸಬೇಕು. ತೋಟಗಳಲ್ಲಿ ದುಡಿಯುವ ಯರವರು, ಕುರುಬರು ಅಂದು ಹೆಣ್ಣುವೇಷ, ಚಿಂದಿವೇಷ ತೊಟ್ಟು, ಸೋರೆಬುರುಡೆ, ಡಬ್ಬಿ, ಪ್ಲಾಸ್ಟಿಕ್ ಕೊಡ ಏನು ಸಿಕ್ಕಿದರೆ ಅದನ್ನು ಬಡಿಯುತ್ತ, ಬೀದಿಯಲ್ಲಿ ವಾಹನ ನಿಲ್ಲಿಸಿ, ಮನೆಮನೆಯ ಬಾಗಿಲಿಗೆ ಹೋಗಿ ಹಣ ಕೇಳುತ್ತಾರೆ. ಕೇಳುವುದು ಬೇಡುವ ದನಿಯಲ್ಲಲ್ಲ, ಬೈಗುಳದಲ್ಲಿ. ಬೈಗುಳ ತೋಟದ ಧಣಿಗೂ ಇದೆ, ದೇವರಿಗೂ ಇದೆ. ಬೇಟೆಗೆಂದು ತಮ್ಮನ್ನು ಕಾಡಿಗೆ ಕರೆದೊಯ್ದ ಅಯ್ಯಪ್ಪ, ಭದ್ರಕಾಳಿಯನ್ನು ಕಂಡು ತಮ್ಮನ್ನು ಅಲ್ಲೇ ಕೈಬಿಟ್ಟು ಹೋದನೆಂಬ ಸಿಟ್ಟು ಅದರ ಹಿಂದಿನ ಕಥೆ. ಅಂದು ಬೈಸಿಕೊಂಡವರು ನಗುತ್ತಾರೆ, ಹಣ ಕೊಡುತ್ತಾರೆ. ಹಬ್ಬ ಮುಗಿದರೆ ಅದೇ ಬಾಯಿ ಅದೇ ವ್ಯಕ್ತಿಯನ್ನು ಅಯ್ಯ ಎಂದು ಕರೆಯುತ್ತದೆ.

ಆಫ್ರಿಕದ ಜುಲು, ಸ್ವಾಜಿ ಜನರ ಇಂಥದೇ ಆಚರಣೆಗಳನ್ನು 1950ರ ದಶಕದಲ್ಲಿ ವಿಶ್ಲೇಷಿಸಿದ ಮ್ಯಾಕ್ಸ್ ಗ್ಲಕ್‌ಮನ್ ಇವುಗಳನ್ನು ಬಂಡಾಯದ ಆಚರಣೆಗಳೆಂದು ಕರೆದ. ಅಧಿಕಾರವನ್ನು ಆಡಿಕೊಳ್ಳಲು ಅಧಿಕಾರವೇ ಒಂದು ದಿನ ಬಿಟ್ಟುಕೊಟ್ಟರೆ ಉಳಿದ ದಿನಗಳಲ್ಲಿ ಅದು ಇನ್ನಷ್ಟು ಭದ್ರವಾಗುತ್ತದೆ ಎಂಬುದು ಅವನ ವಾದ. ಕುಂಡೆ ಹಬ್ಬಕ್ಕೆ ಇದು ಚೆನ್ನಾಗಿಯೇ ಒಪ್ಪುತ್ತದೆ, ತೋಟದ ಮಾಲೀಕರಲ್ಲಿ ಅನೇಕರು ಸಿದ್ಧಾಂತದ ಹೆಸರು ಕೇಳದೆಯೇ ಇದನ್ನೇ ನಂಬಿಕೊಂಡಿದ್ದಾರೆ ಎನ್ನಬಹುದು. ಆದರೆ 1990ರಲ್ಲಿ ಜೇಮ್ಸ್ ಸ್ಕಾಟ್ ಮುಂದಿಟ್ಟ ಇನ್ನೊಂದು ಓದು ಇದೆ. ಅಧೀನದಲ್ಲಿರುವವರು ಧಣಿಯ ಎದುರು ಆಡುವ ಮಾತೊಂದು, ತಮ್ಮತಮ್ಮಲ್ಲಿ ಆಡಿಕೊಳ್ಳುವ ಮಾತು ಇನ್ನೊಂದು. ಜಾತ್ರೆ, ಹಬ್ಬಗಳಲ್ಲಿ ಆ ಎರಡನೆಯ ಮಾತು ವೇಷ ಮರೆಸಿಕೊಂಡು ಹೊರಬರುತ್ತದೆ. ಹಾಗಿದ್ದರೆ ಕುಂಡೆ ಹಬ್ಬದ ಬೈಗುಳ ವರ್ಷವಿಡೀ ಲೈನ್‌ಮನೆಯಲ್ಲಿ ಇದ್ದದ್ದೇ, ಅಂದು ಬೀದಿಗೆ ಬರುತ್ತದೆ ಅಷ್ಟೆ. ಎರಡರಲ್ಲಿ ಯಾವುದು ಸರಿ? ಗ್ಲಕ್‌ಮನ್ ಹೇಳಿದಂತೆ ಆಗಿದ್ದರೆ ಕಾರ್ಮಿಕರು ತೋಟ ಬಿಟ್ಟು ಹೋಗಬಾರದಿತ್ತು. ಅವರು ಹೋಗುತ್ತಿದ್ದಾರೆ. ನನ್ನ ಒಲವು ಸ್ಕಾಟ್‌ನ ಕಡೆಗಿರುವುದು ಈ ಕಾರಣಕ್ಕೆ.

ಬಿಟ್ಟು ಹೋಗುವುದೆಂದರೆ ಏನನ್ನು ಬಿಟ್ಟು ಎಂದು ತಿಳಿಯಲು ಸಂಘರ್ಷ ಸಿದ್ಧಾಂತಕ್ಕೆ ಬರಬೇಕು. ಕಾರ್ಲ್ ಮಾರ್ಕ್ಸ್‌ಗೆ ಸಮಾಜದ ಮೊದಲ ಪ್ರಶ್ನೆ ಉತ್ಪಾದನೆಯ ಸಾಧನ ಯಾರ ಕೈಯಲ್ಲಿದೆ ಎಂಬುದು. ಕೊಡಗಿನಲ್ಲಿ ಆ ಸಾಧನ ಭೂಮಿ. ಸೇನಾ ಸೇವೆಗೆ ಪ್ರತಿಯಾಗಿ ಒಕ್ಕಗಳಿಗೆ ಕಡಿಮೆ ಕಂದಾಯಕ್ಕೆ ದೊರೆತ ಜಮ್ಮಾ ಭೂಮಿ ಒಂದು ಕಡೆ. ಆ ಭೂಮಿಯೊಡನೆ ವಂಶಪಾರಂಪರ್ಯವಾಗಿ ಕಟ್ಟುಬಿದ್ದ ಜೀತದಾಳುಗಳು ಇನ್ನೊಂದು ಕಡೆ. 1834ರಲ್ಲಿ ಬ್ರಿಟಿಷರು ಕೊಡಗನ್ನು ವಶಪಡಿಸಿಕೊಂಡರು, 1843ರಲ್ಲಿ ಭಾರತದಲ್ಲಿ ಗುಲಾಮಗಿರಿಗೆ ಕಾನೂನಿನ ಮಾನ್ಯತೆ ತಪ್ಪಿತು, 1850ರ ದಶಕದಲ್ಲಿ ಮಡಿಕೇರಿಯ ಸುತ್ತ ಯುರೋಪಿಯನ್ನರ ಕಾಫಿ ತೋಟಗಳು ಎದ್ದವು. ಜೀತ ಕಾಗದದಲ್ಲಿ ಇಲ್ಲವಾಯಿತಾದರೂ ಅದರ ಜಾಗಕ್ಕೆ ಮುಂಗಡ ಬಂತು. ಮದುವೆಗೆ, ಕಾಯಿಲೆಗೆ, ಹಬ್ಬಕ್ಕೆ ಎಂದು ಪಡೆದ ಅಡ್ವಾನ್ಸ್ ಕೂಲಿಯಲ್ಲಿ ಮುರಿದುಕೊಳ್ಳುವ ಪದ್ಧತಿಯಲ್ಲಿ ಸಾಲ ತೀರುವ ಮೊದಲೇ ಮುಂದಿನ ಸಾಲ ಸಿದ್ಧವಾಗಿರುತ್ತದೆ. ಗಡಿಯಾಚೆ ವಯನಾಡಿನ ವಳ್ಳಿಯೂರ್ ಕಾವಿನ ಜಾತ್ರೆಯಲ್ಲಿ ಪಣಿಯ, ಅಡಿಯ ಜನರನ್ನು ದೇವಿಯ ಸಾಕ್ಷಿಯಾಗಿ ಒಂದು ವರ್ಷಕ್ಕೆ ಧಣಿಗಳಿಗೆ ಕಟ್ಟಿಹಾಕುತ್ತಿದ್ದರೆಂಬುದು ದಾಖಲಾದ ಸಂಗತಿ. ಕೊಡಗಿನ ಯರವರು ಅವರ ಬಳಗದವರೇ. ಜೀತ ವಿಮುಕ್ತಿ ಕಾನೂನು ಬಂದದ್ದು 1976ರಲ್ಲಿ.

ಆದರೂ ಈ ಕಟ್ಟಿನ ಅತಿ ಗಟ್ಟಿಯಾದ ಗಂಟು ಸಾಲವಲ್ಲ, ಮನೆ ಎಂದು ನನಗೆ ತೋರುತ್ತದೆ. 1951ರ ತೋಟ ಕಾರ್ಮಿಕರ ಕಾಯ್ದೆ ದೊಡ್ಡ ತೋಟಗಳ ಮಾಲೀಕರು ಕಾರ್ಮಿಕರಿಗೆ ವಸತಿ ಕೊಡಬೇಕೆಂದು ವಿಧಿಸಿತು. ಕಲ್ಯಾಣದ ಉದ್ದೇಶದಿಂದಲೇ ಬಂದ ವಿಧಿ ಇದು. ಅಮೆರಿಕದ ರಾಬರ್ಟ್ ಮರ್ಟನ್ 1949ರಲ್ಲಿ ಪ್ರಕಾರ್ಯವಾದವನ್ನು ತಿದ್ದುತ್ತ, ಒಂದು ಏರ್ಪಾಡಿಗೆ ಎಲ್ಲರೂ ಒಪ್ಪಿ ಹೇಳುವ ಉದ್ದೇಶ ಒಂದಿದ್ದರೆ ಯಾರೂ ಬಾಯಿಬಿಟ್ಟು ಹೇಳದ ಪರಿಣಾಮ ಇನ್ನೊಂದಿರುತ್ತದೆ ಎಂದಿದ್ದ. ಲೈನ್‌ಮನೆಯ ಬಾಯಿಬಿಟ್ಟು ಹೇಳದ ಪರಿಣಾಮ ಸರಳವಾದದ್ದು: ಬೆಳಿಗ್ಗೆ ಕೆಲಸಕ್ಕೆ ಆಳು ತೋಟದೊಳಗೇ ಇರುತ್ತಾನೆ, ಕೆಲಸ ಬಿಟ್ಟ ದಿನ ಸೂರೂ ಹೋಗುತ್ತದೆ. ಕೂಲಿ ಹೆಚ್ಚಿಸಿ ಎಂದು ಕೇಳುವವನು ಮೊದಲು ಹೆಂಡತಿ ಮಕ್ಕಳನ್ನು ಎಲ್ಲಿ ಮಲಗಿಸುವುದೆಂದು ಯೋಚಿಸಬೇಕು. ಒಂದೇ ಸಾಲಿನಲ್ಲಿ ಗೋಡೆಗೆ ಗೋಡೆ ಹಂಚಿಕೊಂಡ ಕೋಣೆಗಳು; ಎಷ್ಟೋ ಕಡೆ ಕರೆಂಟಿನ ಮೀಟರು ತೋಟದ ಹೆಸರಲ್ಲಿ; ಆಧಾರ್ ಚೀಟಿಯಲ್ಲಿ ವಿಳಾಸವೆಂದರೆ ಇಂಥ ಎಸ್ಟೇಟ್, ಇಂಥ ಅಂಚೆ. ಹುಟ್ಟಿ ಬೆಳೆದ ಊರಿನಲ್ಲಿ ಇನ್ನೊಬ್ಬರ ಮನೆಯ ಮೂಲಕವೇ ಸರ್ಕಾರಕ್ಕೆ ಗುರುತಾಗುವ ಕುಟುಂಬ ನಿವೇಶನ ಕೇಳಿದಾಗ ಅದು ಕೇಳುತ್ತಿರುವುದು ಸೂರನ್ನು ಮಾತ್ರವಲ್ಲ, ಕೆಲಸವನ್ನು ಬೇಡವೆನ್ನುವ ಸಾಧ್ಯತೆಯನ್ನು.

ಆಳಿನ ಕೊರತೆಯ ಮಾತನ್ನು ಇಲ್ಲಿಂದ ನೋಡಿದರೆ ಅದರ ಅರ್ಥ ಬದಲಾಗುತ್ತದೆ. ಅನ್ನಭಾಗ್ಯದ ಅಕ್ಕಿ ಬಂದ ಮೇಲೆ ಯಾರೂ ಕೆಲಸಕ್ಕೆ ಬರುತ್ತಿಲ್ಲವೆಂಬ ದೂರು 2013ರಿಂದೀಚೆಗೆ ಕೊಡಗಿನಲ್ಲಿ ಗಾದೆಯ ಹಾಗೆ ಚಾಲ್ತಿಯಲ್ಲಿದೆ. ದೂರುವವರಿಗೆ ಗೊತ್ತಿಲ್ಲದಿರಬಹುದು, ಇದು ಅಪ್ಪಟ ಮಾರ್ಕ್ಸ್‌ವಾದಿ ಹೇಳಿಕೆ. ಹಸಿವಿನ ಒತ್ತಾಯವಿದ್ದುದರಿಂದಲೇ ಆ ಕೂಲಿಗೆ ಶ್ರಮ ದೊರೆಯುತ್ತಿತ್ತು, ಒತ್ತಾಯ ಸ್ವಲ್ಪ ಸಡಿಲವಾದೊಡನೆ ಆ ಕೂಲಿಗೆ ದೊರೆಯದಾಯಿತು ಎಂಬುದನ್ನೇ ಅದು ಬೇರೆ ಮಾತಿನಲ್ಲಿ ಹೇಳುತ್ತದೆ. ಶಾಲೆ ಕಲಿತ ಮಕ್ಕಳು ಮೈಸೂರು, ಬೆಂಗಳೂರುಗಳಿಗೆ ಹೋದದ್ದು, ಉದ್ಯೋಗ ಖಾತ್ರಿ ಬಂದದ್ದು, ಸುತ್ತಲಿನ ಪಟ್ಟಣಗಳಲ್ಲಿ ಕಟ್ಟಡದ ಕೆಲಸ ಹೆಚ್ಚಿದ್ದು ಎಲ್ಲ ಸೇರಿ ಲೈನ್‌ಮನೆಯ ಹಳೆಯ ಹಿಡಿತವನ್ನು ಸಡಿಲಿಸಿವೆ.

ಖಾಲಿಯಾದ ಲೈನ್‌ಗಳಿಗೆ ಈಗ ಅಸ್ಸಾಂ, ಪಶ್ಚಿಮ ಬಂಗಾಳದ ಕುಟುಂಬಗಳು ಬಂದಿವೆ. ಮಾರ್ಕ್ಸ್ ಮೀಸಲು ಕಾರ್ಮಿಕ ಪಡೆ ಎಂದದ್ದು ಇಂಥವರನ್ನೇ. ಕೂಲಿ ಏರದಂತೆ ತಡೆಯಲು ಹೊರಗೆ ಕಾದಿರುವ ಕೈಗಳು. ಜಗತ್ತನ್ನು ಲಾಭ ಸೇರುವ ಕೇಂದ್ರಗಳೂ ಸರಕು, ಶ್ರಮ ಒದಗಿಸುವ ಅಂಚುಗಳೂ ಇರುವ ಒಂದೇ ಮಾರುಕಟ್ಟೆಯಾಗಿ ಕಾಣುವ, 1974ರಲ್ಲಿ ಇಮ್ಯಾನುಯೆಲ್ ವಾಲರ್‌ಸ್ಟೈನ್ ಮಂಡಿಸಿದ ವಿಶ್ವ ವ್ಯವಸ್ಥೆಯ ಸಿದ್ಧಾಂತ ಈ ಚಿತ್ರವನ್ನು ಇನ್ನಷ್ಟು ಅಗಲಿಸುತ್ತದೆ. ದೇಶದ ಕಾಫಿಯಲ್ಲಿ ಸುಮಾರು ಮೂರನೆಯ ಒಂದು ಪಾಲನ್ನು ಬೆಳೆಯುವ ಕೊಡಗಿನ ಬೆಳೆಗಾರ ತನ್ನ ರೊಬಸ್ಟಾದ ಬೆಲೆಯನ್ನು ತಾನು ಕಟ್ಟುವುದಿಲ್ಲ, ಅದು ಲಂಡನ್ ಪೇಟೆಯನ್ನು ಅನುಸರಿಸುತ್ತದೆ, ಅರೇಬಿಕಾದ್ದು ನ್ಯೂಯಾರ್ಕ್. ಆ ಕೇಂದ್ರಗಳಿಗೆ ಕೊಡಗು ಅಂಚು. ಅದೇ ಕೊಡಗು ಅಸ್ಸಾಮಿನ ಹಳ್ಳಿಯೊಂದಕ್ಕೆ ಕೇಂದ್ರ. ವಿಯೆಟ್ನಾಂನಲ್ಲೋ ಬ್ರೆಜಿಲ್‌ನಲ್ಲೋ ಮಳೆ ಕೈಕೊಟ್ಟರೆ ಕೊಡಗಿನ ಸಿದ್ದಾಪುರದಲ್ಲಿ ತೋಟಗಳಿಗೆ ಆಳು ಒದಗಿಸುವ ಮೇಸ್ತ್ರಿಯ ಫೋನು ಬ್ರಹ್ಮಪುತ್ರದ ದಡದ ಊರಿಗೆ ಹೋಗುತ್ತದೆ.

ಹಾಗೆಂದು ಮಾರ್ಕ್ಸ್‌ನ ಎರಡು ವರ್ಗಗಳಲ್ಲಿ ಕೊಡಗು ಪೂರ್ತಿಯಾಗಿ ಹಿಡಿಯುವುದಿಲ್ಲ. ದೇಶದ ಕಾಫಿ ಹಿಡುವಳಿಗಳಲ್ಲಿ ಬಹುಪಾಲು 10 ಹೆಕ್ಟೇರಿಗಿಂತ ಚಿಕ್ಕವು. ಮೂರೋ ನಾಲ್ಕೋ ಎಕರೆ ತೋಟವಿರುವ, ಗಂಡ ಹೆಂಡತಿ ತಾವೇ ಚೀಲ ಕಟ್ಟಿಕೊಂಡು ಹಣ್ಣು ಕೊಯ್ಯುವ, ಬ್ಯಾಂಕಿನ ಸಾಲದಲ್ಲಿರುವ ಬೆಳೆಗಾರನನ್ನು ಬಂಡವಾಳಶಾಹಿ ಎಂದು ಕರೆದರೆ ಆ ಪದಕ್ಕೇ ಅರ್ಥ ಉಳಿಯದು. ಅವನ ಆದಾಯ ಮೇಸ್ತ್ರಿಯ ಆದಾಯಕ್ಕಿಂತ ಕಡಿಮೆಯಿರಲೂ ಬಹುದು. ಆದರೂ ಊರಿನ ಸಭೆಯಲ್ಲಿ ಕುರ್ಚಿ ಅವನಿಗೇ. ಇದನ್ನು ವಿವರಿಸುವ ಮಾತು ಮ್ಯಾಕ್ಸ್ ವೇಬರ್‌ನದು. ಮಾರುಕಟ್ಟೆಯಲ್ಲಿ ಒಬ್ಬನ ಸ್ಥಾನವನ್ನು ತೋರಿಸುವ ವರ್ಗ ಬೇರೆ, ಸಮುದಾಯದಲ್ಲಿ ಅವನಿಗೆ ಸಲ್ಲುವ ಗೌರವವನ್ನು ತೋರಿಸುವ ಅಂತಸ್ತು ಬೇರೆ, ಅಧಿಕಾರಕ್ಕಾಗಿ ಕಟ್ಟಿಕೊಳ್ಳುವ ಪಕ್ಷ ಬೇರೆ. ಮೂರೂ ಒಂದನ್ನೊಂದು ಒರಸಿಕೊಂಡು ಹೋದರೂ ಒಂದೇ ಅಲ್ಲ. ಅಂತಸ್ತಿನ ಗುಂಪು ಗುರುತಾಗುವುದು ಜೀವನಶೈಲಿಯಿಂದ, ಮದುವೆಯ ಮಿತಿಗಳಿಂದ, ತನಗಷ್ಟೇ ಮೀಸಲಾದ ಹಕ್ಕುಗಳಿಂದ. ಉದ್ದನೆಯ ಅಂಗಿಯಾದ ಕುಪ್ಯ, ನಡುವಿಗೆ ಕಟ್ಟುವ ಚೇಲೆ, ಅದಕ್ಕೆ ಸಿಕ್ಕಿಸುವ ಪೀಚೆಕತ್ತಿ, ಐನ್‌ಮನೆಯ ಹೆಸರು, ಸೇನೆಯ ನಂಟು ಇವುಗಳ ಜೊತೆಗೆ ಕಾನೂನಿನ ಮುದ್ರೆಯೂ ಇಲ್ಲಿದೆ. ಪರವಾನಗಿಯಿಲ್ಲದೆ ಕೋವಿ ಇಟ್ಟುಕೊಳ್ಳಲು 1861ರಿಂದ ಬಂದ ವಿನಾಯಿತಿ 1959ರ ಶಸ್ತ್ರಾಸ್ತ್ರ ಕಾಯ್ದೆಯ ಅಡಿಯಲ್ಲೂ ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಮುಂದುವರಿಯಿತು, 2021ರಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ವಿನಾಯಿತಿ ಸರಿಯೋ ತಪ್ಪೋ ಎಂಬ ಚರ್ಚೆಗೆ ನಾನು ಇಲ್ಲಿ ಹೋಗುವುದಿಲ್ಲ. ಭೂಮಿಯ ಹಿಡುವಳಿಯೊಂದು ಗೌರವದ ಗುರುತಾಗಿ ಮಾರ್ಪಟ್ಟು ನೂರೈವತ್ತು ವರ್ಷಗಳ ಮೇಲೂ ಉಳಿದುಬರಬಲ್ಲದು ಎಂಬುದಕ್ಕೆ ವೇಬರ್‌ಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿರಲಿಲ್ಲ. ಚಿಕ್ಕ ಬೆಳೆಗಾರ ತನ್ನಷ್ಟೇ ಬಡವನಾದ ಕಾರ್ಮಿಕನೊಡನೆ ನಿಲ್ಲದೆ, ನೂರಾರು ಎಕರೆಯ ಧಣಿಯೊಡನೆ ಒಂದೇ ಸಂಘದಲ್ಲಿ ಕೂರುವುದಕ್ಕೆ ಕಾರಣವೂ ಇಲ್ಲೇ ಸಿಗುತ್ತದೆ.

ಇಷ್ಟೆಲ್ಲ ಮೇಲಿನಿಂದ ನೋಡಿದ ಚಿತ್ರ. ದಿನದ ವ್ಯವಹಾರದಲ್ಲಿ ಇದು ಹೇಗೆ ನಡೆಯುತ್ತದೆಂದು ಕೇಳಿದವರು ಜಾರ್ಜ್ ಹರ್ಬರ್ಟ್ ಮೀಡ್, ಹರ್ಬರ್ಟ್ ಬ್ಲೂಮರ್ ಮೊದಲಾದ ಸಾಂಕೇತಿಕ ಅಂತಃಕ್ರಿಯಾವಾದಿಗಳು. ಜನರು ವಸ್ತುಸ್ಥಿತಿಗೆ ನೇರವಾಗಿ ಪ್ರತಿಕ್ರಿಯಿಸುವುದಿಲ್ಲ, ಅದಕ್ಕೆ ತಾವು ಕೊಟ್ಟ ಅರ್ಥಕ್ಕೆ ಪ್ರತಿಕ್ರಿಯಿಸುತ್ತಾರೆ ಎಂಬುದು ಅವರ ನೆಲೆ. ತೋಟದ ರೈಟರ್ ಹಾಜರಿ ಪುಸ್ತಕ ತೆರೆದು ಹೆಸರು ಕೂಗುವ ಕ್ರಮವನ್ನೇ ತೆಗೆದುಕೊಳ್ಳಿ. ಹಳಬರಿಗೆ ಹೆಸರಿದೆ, ಪಿಕಪ್ಪಿನಲ್ಲಿ ಬಂದಿಳಿದವರು ಅಸ್ಸಾಮಿನವರು, ಇಷ್ಟು ಜನ. ಬಂಗಾಳದವರೂ ಅಸ್ಸಾಮಿನವರೇ, ಬಿಹಾರದವರೂ ಒಮ್ಮೊಮ್ಮೆ ಅಸ್ಸಾಮಿನವರೇ. ಒಂದು ಕಳ್ಳತನ ನಡೆದರೆ ಅದೇ ಅಸ್ಸಾಮಿನವರು ಸಂಜೆಯೊಳಗೆ ಬಾಂಗ್ಲಾದವರಾಗುತ್ತಾರೆ. ಹೊವರ್ಡ್ ಬೆಕರ್ 1963ರಲ್ಲಿ ವಿವರಿಸಿದ ಹಣೆಪಟ್ಟಿಯ ಸಿದ್ಧಾಂತ ಹೇಳುವುದು ಇದನ್ನೇ: ಅಪರಾಧಿ ಎಂಬುದು ಕೃತ್ಯದಲ್ಲಿರುವ ಗುಣಕ್ಕಿಂತ ಹೆಚ್ಚಾಗಿ, ಹೆಸರಿಡುವ ಶಕ್ತಿಯುಳ್ಳವರು ಅಂಟಿಸುವ ಪಟ್ಟಿ. ಪಟ್ಟಿ ಅಂಟಿದವನಿಗೆ ಲೈನ್‌ಮನೆಯ ಹೊರಗೆ ಬಾಡಿಗೆ ಕೋಣೆ ಸಿಗುವುದಿಲ್ಲ, ಆದ್ದರಿಂದ ಅವನೂ ಲೈನ್‌ಮನೆಗೇ ಕಟ್ಟುಬೀಳುತ್ತಾನೆ. ಮಾರ್ಕ್ಸ್ ಹೇಳಿದ ಒತ್ತಾಯವನ್ನು ದಿನದಿನವೂ ಜಾರಿಗೆ ತರುವುದು ಇಂಥ ಸಣ್ಣ ಮಾತುಗಳು.

ಸ್ತ್ರೀವಾದಿ ಸಿದ್ಧಾಂತಕ್ಕೆ ಇಲ್ಲಿ ಒಂದು ಪ್ರತ್ಯೇಕ ಲೇಖನವೇ ಬೇಕು. ಗಂಡಾಳಿಗೆ ಒಂದು ಕೂಲಿ, ಹೆಣ್ಣಾಳಿಗೆ ಇನ್ನೊಂದು ಎಂಬ ಲೆಕ್ಕ 1976ರ ಸಮಾನ ವೇತನ ಕಾಯ್ದೆಯ ಎಷ್ಟೋ ವರ್ಷಗಳ ನಂತರವೂ ತೋಟಗಳಲ್ಲಿ ಸಹಜವೆಂಬಂತೆ ಉಳಿಯಿತು. ಮರ ಹತ್ತಿ ಕೊಂಬೆ ಕಡಿಯುವುದು ಕೌಶಲವೆನಿಸಿತು, ಗಿಡಕ್ಕೆ ನೋವಾಗದಂತೆ ಹಣ್ಣನ್ನಷ್ಟೇ ಬಿಡಿಸುವ ಬೆರಳುಗಳ ಕೆಲಸ ಹಾಗೆನಿಸಲಿಲ್ಲ. ಫ್ರೆಂಚ್ ಸಮಾಜಶಾಸ್ತ್ರಜ್ಞ ಪಿಯರ್ ಬೋರ್ದ್ಯೂ ಹೇಳುವ ಸಾಂಸ್ಕೃತಿಕ ಬಂಡವಾಳವನ್ನೂ, ಅಂದರೆ ಹಣದಂತೆಯೇ ಕೈಹಿಡಿಯುವ ಓದು, ಭಾಷೆ, ನಡೆನುಡಿಗಳನ್ನೂ, ಒಂದು ಮಾತಿನಲ್ಲಿ ಸೂಚಿಸಿ ಮುಂದೆ ಹೋಗುತ್ತೇನೆ. ಭೂಮಿ ಹಂಚಿಹೋದ ಒಕ್ಕದ ಮಗ ಇಂಗ್ಲಿಷ್ ಶಾಲೆ, ಸೇನೆ, ಬಳಗದ ಪರಿಚಯಗಳ ಬಲದಿಂದ ಬೇರೆ ದಾರಿ ಹಿಡಿಯುತ್ತಾನೆ; ಲೈನ್‌ಮನೆಯ ಮಗಳಿಗೆ ಆಶ್ರಮಶಾಲೆಯ ಪ್ರಮಾಣಪತ್ರವೊಂದೇ ಬಂಡವಾಳ.

ಈ ಸಿದ್ಧಾಂತಗಳನ್ನು ಒರೆಗೆ ಹಚ್ಚಲು ಕೊಡಗಿನಲ್ಲೇ ಒಂದು ಸಂದರ್ಭ ಒದಗಿದೆ. ಲೈನ್‌ಮನೆಗಳನ್ನು ಬಿಟ್ಟುಬಂದ ಆದಿವಾಸಿ ಕುಟುಂಬಗಳು ಮಾಲ್ದಾರೆ ಬಳಿಯ ದಿಡ್ಡಳ್ಳಿಯಲ್ಲಿ ಗುಡಿಸಲು ಹಾಕಿಕೊಂಡಿದ್ದು, 2016ರ ಡಿಸೆಂಬರ್‌ನಲ್ಲಿ ಅವನ್ನು ಅರಣ್ಯ ಭೂಮಿಯೆಂದು ನೆಲಸಮ ಮಾಡಿದ್ದು, ಐನೂರಕ್ಕೂ ಹೆಚ್ಚು ಕುಟುಂಬಗಳ ಹೋರಾಟದ ನಂತರ ಕುಶಾಲನಗರ ಸಮೀಪದ ಬಸವನಹಳ್ಳಿ, ಬ್ಯಾಡಗೊಟ್ಟಗಳಲ್ಲಿ ಪುನರ್ವಸತಿ ಕಲ್ಪಿಸಿದ್ದು ರಾಜ್ಯಕ್ಕೆಲ್ಲ ಗೊತ್ತಿರುವ ಸಂಗತಿ. 2019ರ ಪ್ರವಾಹದಲ್ಲಿ ಕರಡಿಗೋಡು, ನೆಲ್ಯಹುದಿಕೇರಿಗಳ ಕಾವೇರಿ ದಡದಲ್ಲಿ ಮನೆ ಕಳೆದುಕೊಂಡವರಲ್ಲೂ ಕೂಲಿಯವರೇ ಹೆಚ್ಚು. ತೋಟದಲ್ಲಿ ಜಾಗವಿಲ್ಲದವರಿಗೆ ಉಳಿದಿದ್ದ ಜಾಗ ಹೊಳೆಯ ಅಂಚು. ದಿಡ್ಡಳ್ಳಿಯವರಿಗೆ ಹೊಸ ಬಡಾವಣೆಗಳಲ್ಲಿ ಮನೆ ಸಿಕ್ಕಿತು, ಹಳೆಯ ತೋಟಗಳು ದೂರವಾದವು.

ಈಗ ಕೇಳಬೇಕಾದ ಪ್ರಶ್ನೆಗಳು ಸ್ಪಷ್ಟವಾಗಿವೆ. ಸ್ವಂತ ವಿಳಾಸ ಬಂದ ಕುಟುಂಬ ಕೂಲಿಯನ್ನು ಚೌಕಾಶಿ ಮಾಡಿ ಹೆಚ್ಚಿಸಿಕೊಂಡಿದ್ದರೆ ಕಟ್ಟು ಮನೆಯದೇ ಆಗಿತ್ತೆಂಬ ಸಂಘರ್ಷವಾದಿಯ ಮಾತು ನಿಲ್ಲುತ್ತದೆ. ಕೂಲಿ ಹೆಚ್ಚಿಯೂ ಕುಶಾಲನಗರದಲ್ಲಿ ಬಾಡಿಗೆ ಕೋಣೆಯೋ ಅಂಗಡಿ ಮಳಿಗೆಯೋ ಸಿಗದಿದ್ದರೆ ವೇಬರ್‌ನ ಅಂತಸ್ತಿನ ಮಾತು ಮೇಲಾಗುತ್ತದೆ. ಹಳೆಯ ಧಣಿಯ ಜೀಪು ಬಡಾವಣೆಯವರೆಗೂ ಬಂದು ಅದೇ ಅಡ್ವಾನ್ಸ್ ಕೊಟ್ಟು ಅದೇ ಜನರನ್ನು ಕರೆದೊಯ್ಯುತ್ತಿದ್ದರೆ, ಗಂಟು ಸಾಲದಲ್ಲಿದೆಯೇ ಹೊರತು ಮನೆಯಲ್ಲಿಲ್ಲ ಎಂದಾಗಿ ಈ ಲೇಖನದ ವಾದವೂ ದುರ್ಬಲವಾಗುತ್ತದೆ. ಜಿಲ್ಲೆಯಲ್ಲಿ ಸ್ನಾತಕೋತ್ತರ ವಿದ್ಯಾರ್ಥಿಗಳಿದ್ದಾರೆ, ಎರಡು ಬಡಾವಣೆಗಳಿಗೂ ರಸ್ತೆಯಿದೆ. ಮುಂದಿನ ಕೊಯ್ಲಿನ ಹೊತ್ತಿಗೆ ಅಲ್ಲಿನ ಮನೆಮನೆಗೆ ಹೋಗಿ ಯಾರು, ಯಾವ ತೋಟಕ್ಕೆ, ಯಾವ ಕೂಲಿಗೆ, ಯಾರ ವಾಹನದಲ್ಲಿ ಹೋಗುತ್ತಾರೆಂದು ಬರೆದುಕೊಂಡರೆ, ಆಳಿನ ಕೊರತೆಯ ಚರ್ಚೆಗೆ ಬೆಳೆಗಾರರ ಸಭೆಯಿಂದ ಬರದ ಸಾಮಗ್ರಿ ಸಿಗುತ್ತದೆ.